ಏಳು ವರ್ಷದ ವಾರಂಟಿ

ಜೂನ್ 3, ಬೆಳಿಗ್ಗೆ
ಡಬ್ಬಿ ಕಟ್ಟಿಯಾಯಿತು. ನಾನು ಪಾಠ ಮಾಡುವ ದೇವದುರ್ಗದ ಶಾಲೆಗೆ ಇವತ್ತೂ ಬಸ್ಸೇ. ಇವರು ಅಂಗಳದಲ್ಲಿ ಕಾರಿನ ಬಾನೆಟ್ ಎತ್ತಿ ನಿಂತಿದ್ದಾರೆ. ಇನ್ನು ಗಾಡಿ ಓಡಿಸಬಾರದು ಎಂದು ಹೃದಯದ ಡಾಕ್ಟರು ಹೇಳಿದ ಮೇಲೂ ದಿನಾ ಸ್ಟಾರ್ಟ್ ಮಾಡಿ ನೋಡುತ್ತಾರೆ. ಆ ಕಾರಿಗೆ ಮೆಕ್ಯಾನಿಕ್ ಕೈ ಹಚ್ಚಿದ್ದೇ ಇಲ್ಲ. ಎಲ್ಲಾ ಇವರೇ.

ಜೂನ್ 5
ಊಟಕ್ಕೆ ಕೂತಾಗ ತಾವೇ ಮಾತು ತೆಗೆದರು.
"ಈ ಹಳೇ ಗಾಡಿ ನಿನ್ನ ಕೈಯಾಗ ನಡಿಯಂಗಿಲ್ಲ, ಮೌನೇಶ್ವರಿ. ಎಕ್ಸ್‌ಚೇಂಜ್‌ಗೆ ಕೊಟ್ಟು ಆಟೋಮ್ಯಾಟಿಕ್ ತಗೊಳ್ಳೋಣ. ನೀ ಕಲಿ."
"ನೀವು ಆರಾಮಾದ ಮ್ಯಾಲೆ ನೋಡೋಣ್ರೀ."
ಇವರು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು.

ಜೂನ್ 14
ರಾಯಚೂರಿನ ಶೋರೂಮ್. ಹಳೆ ಕಾರನ್ನು ನನ್ನ ತಮ್ಮ ಸುಭಾಷ್ ಓಡಿಸಿಕೊಂಡು ಬಂದ. ಅಲ್ಲಿನ ಮುಕರ್ರಂ ಎಂಬುವವರು ಸುತ್ತ ನೋಡಿ, "ಭಾಳ ಚೆಂದ ಇಟ್ಟೀರಿ ಸರ್" ಎಂದರು. ಇವರ ಮುಖ ಅರಳಿತು.
ಆಮೇಲೆ ಆ ಮಾತು — "ಕಂಪನಿ ವಾರಂಟಿ ಮೂರು ವರ್ಷ ಅದರೀ ಮೇಡಂ. ಎಕ್ಸ್‌ಟೆಂಡೆಡ್ ತಗೊಂಡ್ರ ಏಳು."
"ಬ್ಯಾಡ್ರಿ," ಅಂದುಬಿಟ್ಟೆ. "ರಿಪೇರಿ ಎಲ್ಲಾ ನಮ್ಮನಿಯವರೇ ಮಾಡ್ತಾರ."
ಮುಕರ್ರಂ ಇವರ ಊದಿದ ಕಾಲು ನೋಡಿ ಫಾರ್ಮ್ ಬದಿಗಿಟ್ಟರು.
ಇವರು ನನ್ನನ್ನು ಹೊರಗೆ ಕರೆದರು.
"ಮೂರು ವರ್ಷ ಆದ ಮ್ಯಾಲೆ ಗಾಡಿ ಕೆಟ್ರ ಯಾರಿಗೆ ಫೋನ್ ಮಾಡ್ತಿ?"
"ನಿಮಗ."
"ಯಾಕ ಹಿಂಗ ಹೆದರಾಕತ್ತಿ?"
"ಅದನ್ನ ತಗೊಂಡ್ರ ನೀವು ಇರಂಗಿಲ್ಲ ಅಂತ ನಾನೇ ಒಪ್ಪಿಕೊಂಡಂಗ ಆಗ್ತದ್ರೀ."
"ಒಪ್ಪಿಕೋಬ್ಯಾಡ," ಅಂದರು. "ಸಹಿ ಮಾಡು, ಸಾಕು."
ಮಾಡಲಿಲ್ಲ. ಹಾಗೇ ಮಾನ್ವಿಯ ಮನೆಗೆ ವಾಪಸ್.

ಜೂನ್ 23
ನಡುವೆ ರಾಯಚೂರಿನ ಆಸ್ಪತ್ರೆಯಲ್ಲಿದ್ದೆವು. ಇವರ ಎದೆಯಲ್ಲಿ ನೀರು ತುಂಬಿತ್ತು. ಆಕ್ಸಿಜನ್ ಮಾಸ್ಕ್ ಸರಿಸಿ ಕೇಳಿದ್ದು ಒಂದೇ — "ಆ ವಾರಂಟಿ…?"
ಇವತ್ತು ಡಿಸ್ಚಾರ್ಜ್. ಬರುವಾಗ ಶೋರೂಮಿಗೆ ಹೋಗಿ ಹೊಸ ಗಾಡಿ ಗೊತ್ತುಮಾಡಿ, ಏಳು ವರ್ಷದ್ದಕ್ಕೇ ಸಹಿ ಹಾಕಿದೆ. ಇವರು ನೋಡಲಿಲ್ಲ, ಹೊರಗೆ, ಅಲ್ಲೇ ಬಿಟ್ಟುಬರಬೇಕಿದ್ದ ಹಳೆ ಕಾರಿನ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಇಳಿಯಿರಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಜುಲೈ 19
ಪೋತ್ನಾಳ ರಸ್ತೆಯಲ್ಲಿ ಕಲಿಯುತ್ತಿದ್ದೇನೆ. ಪಕ್ಕದ ಸೀಟಿನಲ್ಲಿ ಇವರು. ಬೈಯುವುದಕ್ಕೆ ಮಾತ್ರ ಉಸಿರು ಎಲ್ಲಿಂದ ಬರುತ್ತದೋ! "ಲೇ, ಎಮ್ಮಿ ನೋಡು, ಎಮ್ಮಿ!"

ಸೆಪ್ಟೆಂಬರ್ 6
ಲೈಸೆನ್ಸ್ ಬಂದ ಮೇಲೆ ಮೊದಲ ಸಲ ನಾನೇ ಇವರನ್ನು ರಾಯಚೂರಿಗೆ ಚೆಕಪ್‌ಗೆ ಕರೆದೊಯ್ದೆ. ಮಾನ್ವಿ ದಾಟುವಷ್ಟರಲ್ಲಿ ನಿದ್ದೆ ಹೋದರು. ಸಣ್ಣಗೆ ಗೊರಕೆ. ಬೇರೆಯವರು ಓಡಿಸುವಾಗ ಕಣ್ಣು ಮುಚ್ಚಿದವರೇ ಅಲ್ಲ. ಮನೆಯಲ್ಲಿ ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇರುತ್ತಾರೆ, ನಿದ್ದೆಯಿಲ್ಲ.
ಆಸ್ಪತ್ರೆ ಗೇಟು ಬಂತು. ಎಬ್ಬಿಸಲು ಮನಸ್ಸಾಗಲಿಲ್ಲ. ಗೇಟು ದಾಟಿ ಮುಂದೆ ಹೋದೆ. ಇನ್ನೊಂದು ಸುತ್ತು. ಮತ್ತೆ ಗೇಟು. ಮತ್ತೆ…