ಎಡಗೈ ಮೇಲಿನ ಎಲೆ

ಜುಲೈ 8, ಸೋಮವಾರ. ಬೆಳಿಗ್ಗೆ 6.20

ದಿನಕ್ಕೊಂದು ಕಾರ್ಡು ಎಳೆಯತೊಡಗಿ ಏಳನೇ ದಿನ. ಸ್ನಾನ, ಅತ್ತೆಯ ಲಿಂಗಪೂಜೆ, ಆಮೇಲೆ ಒಂದು ಕಾರ್ಡು. ಕಲೆಸು, ಕಣ್ಣು ಮುಚ್ಚು, ಎಳೆ. ಇವತ್ತು ಹರ್ಮಿಟ್. ಬೆಟ್ಟದ ಮೇಲೆ ಲಾಟೀನು ಹಿಡಿದು ನಿಂತ ಮುದುಕ. ಏಕಾಂತದಲ್ಲಿರು, ನಿನ್ನೊಳಗೆ ನೋಡಿಕೋ ಎನ್ನುತ್ತದೆ ಮೊಬೈಲಿನ ಆ್ಯಪ್. ಕೊಟ್ಟೂರಿನ ಈ ಎರಡು ಕೋಣೆಯ ಮನೆಯಲ್ಲಿ ಏಕಾಂತ ಸಿಗುವುದು ಬಚ್ಚಲಲ್ಲಿ ಮಾತ್ರ.

ಒಂದು ವಿಷಯ ಬರೆದಿಡಬೇಕು, ಇಲ್ಲವಾದರೆ ಮರೆತಂತೆ ನಟಿಸಿಬಿಡುತ್ತೇನೆ. ಮಾರ್ಚ್‌ನಲ್ಲಿ ಈ ಟ್ಯಾರೋ ಕಟ್ಟು, ಭವಿಷ್ಯ ನೋಡುವ ಎಪ್ಪತ್ತೆಂಟು ಚಿತ್ರದ ಕಾರ್ಡು, ಕೊರಿಯರ್‌ನಲ್ಲಿ ಬಂದ ದಿನ ಅತ್ತೆ ಕೂಗಾಡಿದ್ದರು. "ಮನ್ಯಾಗ ಇಸ್ಪೀಟ್ ತಂದೀಯೇನ? ನಿಮ್ಮ ಮಾವ ಆಡಿದ್ದು ಸಾಲಲಿಲ್ಲೇನ? ಆ ಎಲಿ ಹೊರಗ ಒಗಿ!" ನಾನೂ ಬಿಡಲಿಲ್ಲ, ತಿರುಗಿ ಅಂದೆ. ಅದೇ ಮಧ್ಯಾಹ್ನ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನಾಲ್ಕು ತಿಂಗಳು.

ನಮ್ಮಿಬ್ಬರ ನಡುವಿನ ಕೊನೆಯ ಮಾತು ಆ ಜಗಳ. ಅದೇ ಕೊನೆಯಾಗಬಾರದು. ದಿನಾ ಕಾರ್ಡನ್ನು ಕೇಳುವುದು ಅದೊಂದನ್ನೇ — ಬೈದರೂ ಸರಿ, ಒಮ್ಮೆ ನನ್ನ ಹೆಸರು ಹಿಡಿದು ಕರೆಯಲಿ.

ಜುಲೈ 9

ಸ್ಟಾರ್. ಎರಡು ಕೈಯಲ್ಲೂ ಕೊಡ ಹಿಡಿದು ನೀರು ಸುರಿಯುವ ಹೆಂಗಸು. ನಮ್ಮ ನಲ್ಲಿಗೆ ನೀರು ಬಂದು ಒಂಬತ್ತು ದಿನ, ಹೊಟ್ಟೆ ಉರಿಯಿತು. ಮೈಮೇಲೆ ಬಟ್ಟೆ ಬೇರೆ ಇಲ್ಲ. ಅತ್ತೆಗೆ ಕಾಣದಂತೆ ಮಗುಚಿಟ್ಟೆ.

ಪೂಜೆ ಮುಗಿದಿತ್ತು. ಅಂಗೈ ಮೇಲಿನ ಲಿಂಗ ಬೆಳ್ಳಿಯ ಕರಡಿಗೆಗೆ ಹೋಗಿತ್ತು. ಆದರೂ ಅತ್ತೆ ಎಡಗೈ ಚಾಚಿಯೇ ಕೂತಿದ್ದರು. "ನೀರು ಬೇಕೇನ್ರಿ ಅತ್ತೀ?" ತಲೆ ಆಡಿಸಿದರು, ಬೇಡ. ಕಣ್ಣು ಕಾರ್ಡಿನ ಮೇಲೆ. ಹೆದರುತ್ತಲೇ ಅಂಗೈ ಮೇಲಿಟ್ಟೆ. ಲಿಂಗವನ್ನು ನೋಡುವಂತೆಯೇ ನೋಡಿದರು. ಕಣ್ಣು ಮಿಟುಕಿಸದೆ, ಅಷ್ಟೇ ಹೊತ್ತು. ಮಾತು ಕಲಿಸುವ ಡಾಕ್ಟರು ಕೊಟ್ಟ ಸೇಬು-ಚೆಂಡು-ಬೆಕ್ಕಿನ ಚಾರ್ಟನ್ನು ದಿನಾ ತಳ್ಳುವವರು ಇವರೇ.

ಬಟ್ಟೆಯಿಲ್ಲದ ಹೆಂಗಸು ಅತ್ತೆಯ ಲಿಂಗದ ಕೈಯಲ್ಲಿ! ನಗು ಬರಬೇಕಿತ್ತು. ಬರಲಿಲ್ಲ. ನಾನೂ ಕೈ ಮುಗಿದು ಕೂತಿದ್ದೆ.

ಜುಲೈ 12

ಡೆತ್ ಬಂತು. ಬಿಳಿ ಕುದುರೆ, ಮೇಲೆ ಕಪ್ಪು ಕವಚ ತೊಟ್ಟ ಅಸ್ಥಿಪಂಜರ, ಕೈಯಲ್ಲಿ ಬಾವುಟ. ಇದು ಸಾವಲ್ಲ, ಬದಲಾವಣೆ ಎನ್ನುತ್ತದೆ ಆ್ಯಪ್. ಆ್ಯಪ್‌ಗೇನು, ಅದಕ್ಕೆ ಅತ್ತೆ ಇಲ್ಲ. ನೋಡದೆಯೇ ಅವರ ಅಂಗೈ ಮೇಲಿಟ್ಟಿದ್ದೆ, ಕಿತ್ತುಕೊಂಡೆ. ಅಡಿಗೆಮನೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದೇನೆ.

ಜುಲೈ 13

ಸನ್. ಅತ್ತೆ ನೋಡಿ ಕೆಳಗೆ ಬಿಟ್ಟರು.

ಜುಲೈ 21, ರಾತ್ರಿ ಊಟದ ನಂತರ

ಒಂಬತ್ತು ದಿನ. ಯಾವುದನ್ನು ಕೊಟ್ಟರೂ ಒಂದು ಗಳಿಗೆ ನೋಡುತ್ತಾರೆ, ಬೀಳಿಸುತ್ತಾರೆ, ಮತ್ತೆ ಕೈ ಚಾಚುತ್ತಾರೆ. ನಾನು ಬೇಸರವೆಂದುಕೊಂಡಿದ್ದೆ. ನಮ್ಮ ಯಜಮಾನರು ಪ್ರವೀಣಕುಮಾರ್ ಒಂದು ವಾರದಲ್ಲಿ ಆಡಿದ ಒಂದೇ ಬುದ್ಧಿವಂತ ಮಾತು: "ಬ್ಯಾಸರ ಅಲ್ಲಲೇ. ಅವ್ವ ಏನೋ ಹುಡುಕಾಕ ಹತ್ಯಾಳ."

ಕಟ್ಟಿನಲ್ಲಿ ಎಪ್ಪತ್ತೇಳೇ ಇವೆ. ಮೋಸ ಮಾಡುತ್ತಿರುವುದು ನಾನು. ಬೆಳಿಗ್ಗೆ ಕ್ಯಾಲೆಂಡರ್ ಹಿಂದಿನದನ್ನು ಸೇರಿಸಬೇಕು. ಭಯವಿದೆ.

ಜುಲೈ 22, ಸೋಮವಾರ. 6.35

ಒಲೆ ಹಚ್ಚುವ ಮೊದಲೇ ಬರೆಯುತ್ತೇನೆ.

ಸೇರಿಸಿದೆ. ಮೂರು ಸಲ ಕಲೆಸಿದೆ. ಚಿತ್ರ ಕೆಳಗಾಗಿ ಬೀಸಣಿಗೆಯ ಹಾಗೆ ಹರಡಿ, "ನೀವಽ ತಗೀರಿ ಅತ್ತೀ" ಅಂದೆ. ಎಡಗೈ ತಡವಲಿಲ್ಲ. ನೇರ ಹೋಗಿ ಒಂದನ್ನು ಎಳೆಯಿತು. ಬಿಳಿ ಕುದುರೆ. ಎಪ್ಪತ್ತೆಂಟರಲ್ಲಿ ಅದೇ.

ಅತ್ತೆಯ ತುಟಿ ಅಲುಗಿತು. "ಮೈ... ಮೈಲಾರಪ್ಪ."

ಮಾತು! ನಾಲ್ಕು ತಿಂಗಳ ಮೇಲೆ. ಅವರ ತವರು ಇಟ್ಟಿಗಿ, ಮೈಲಾರವೂ ಅದೇ ಹಡಗಲಿ ತಾಲ್ಲೂಕು, ಮನೆದೇವರು ಮೈಲಾರಲಿಂಗ. ಕುದುರೆ ಏರಿ ಬರುವ ದೇವರು. ನಾನು ಸಾವೆಂದು ಬಚ್ಚಿಟ್ಟದ್ದನ್ನು ಅವರು ದೇವರೆಂದು ಹತ್ತು ದಿನ ಹುಡುಕಿದ್ದಾರೆ. ಯಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದರು. "ಏನಂದ್ಲು? ಅವ್ವ ಏನಂದ್ಲು?" ಇಬ್ಬರೂ ಅತ್ತೆವು, ನೊರೆ ಸಮೇತ.

ಆಗಸ್ಟ್ 2

ಅತ್ತೆಯ ಬಾಯಿಂದ ಈವರೆಗೆ: ನೀರು. ಶಿವ. ಸಾಕು. ದಿನಕ್ಕೊಂದು ಕಾರ್ಡು, ಮೂರ್ನಾಲ್ಕು ದಿನಕ್ಕೊಂದು ಮಾತು. ಕುದುರೆಯ ಕಾರ್ಡು ಈಗ ದೇವರ ಜಗಲಿ ಮೇಲಿದೆ, ವಿಭೂತಿ ಹಚ್ಚಿಸಿಕೊಂಡು. ಹಚ್ಚು ಎಂದು ಕಣ್ಣಲ್ಲೇ ಹೇಳಿದರು, ಹಚ್ಚಿದೆ. ಕಟ್ಟು ಮತ್ತೆ ಎಪ್ಪತ್ತೇಳು. ಆ್ಯಪ್ ಡಿಲೀಟ್ ಮಾಡಿದೆ.

ನನ್ನ ಹೆಸರು ಬಂದಿಲ್ಲ.

ಆಗಸ್ಟ್ 19, ಸೋಮವಾರ. 6.50

ಹಾಲು ಒಲೆಯ ಮೇಲಿದೆ, ಕಾಯುವಷ್ಟರಲ್ಲಿ ಬರೆದುಬಿಡುತ್ತೇನೆ.

ಮಿಕ್ಸರ್ ಗರ್ ಎನ್ನುತ್ತಿತ್ತು. ಟಿವಿ ಬೇರೆ, ಯಜಮಾನರ ಫೋನ್ ಬೇರೆ. ಅತ್ತೆ ಗೋಡೆಗೆ ಒರಗಿದ್ದರು, ಕುದುರೆಯ ಕಾರ್ಡು ಮಡಿಲಲ್ಲಿ. ಇದ್ದಕ್ಕಿದ್ದಂತೆ ಎಡಗೈ ಮೇಲೆತ್ತಿ —

"ಸದ್ದಲೇ!"

ಮೈಲಾರದ ಜಾತ್ರೆಯಲ್ಲಿ ಕಾರಣಿಕ, ಅಂದರೆ ವರ್ಷದ ಭವಿಷ್ಯ, ನುಡಿಯುವ ಗೊರವಯ್ಯ ಎತ್ತರದ ಬಿಲ್ಲಿನ ತುದಿಯಲ್ಲಿ ನಿಂತು ಸದ್ದು ನಿಲ್ಲಿಸಲು ಕೂಗುವ ಕೂಗು ಅದು. ಅದಕ್ಕೆ ಇಡೀ ಜನಸ್ತೋಮ ಉಸಿರು ಹಿಡಿಯುತ್ತದೆ; ಆಮೇಲೆ ವರ್ಷಕ್ಕೆಲ್ಲ ಒಂದೇ ಮಾತು ಬೀಳುತ್ತದೆ. ನಮ್ಮ ಮನೆಯಲ್ಲಿ ಮಿಕ್ಸರ್ ನಿಂತಿತು. ಟಿವಿ ನಿಂತಿತು. ಯಜಮಾನರು ಯಾರದೋ ಫೋನನ್ನು ಅರ್ಧಕ್ಕೇ ಕಟ್ ಮಾಡಿದರು. ಕಾದೆವು.

ಅತ್ತೆ ನನ್ನನ್ನೇ ನೋಡಿ ಹೇಳಿದರು: "ಎಲಿ... ಒಗೀಬ್ಯಾಡ."

ಅಲ್ಲೇ ನೆಲದ ಮೇಲೆ ಕೂತೆ. ಮಾರ್ಚ್‌ನಲ್ಲಿ ಅಂದ ಮಾತನ್ನು ಐದು ತಿಂಗಳು ಎದೆಯೊಳಗೆ ಇಟ್ಟುಕೊಂಡು, ತಿದ್ದಿ, ವಾಪಸ್ ಕೊಟ್ಟರು. ಜಗಳ ಇನ್ನು ಕೊನೆಯ ಮಾತಲ್ಲ. ಹೆಸರಿಲ್ಲದಿದ್ದರೂ ಸಾಕು. ನಿಜವಾಗಿ ಸಾಕು. ಇಷ್ಟು ಸಿಕ್ಕ ಮೇಲೆ ಇನ್ನೂ ಕೇಳಿದರೆ ಅತಿಯಾಸೆ. ಇವತ್ತಿನ ಕಾರ್ಡನ್ನು ಇನ್ನೂ ಎಳೆದಿಲ್ಲ, ಏನು ಬರುತ್ತದೋ ನೋ

"ಅಮೃತಾ! ಹಾಲು!"

ಬೈಗುಳವೇ. ಅತ್ತೆಯ ಅದೇ ಹಳೇ ದನಿ. ಉಕ್ಕಲಿ ಬಿಡು, ಇನ್ನೊಂದು ಸಲ ಕೂಗ