ಉಗ್ರಾಣದ ಅಕ್ಕಿ

ಸುಲ್ತಾನ್ ಬಜಾರ್, ಹೈದರಾಬಾದ್
೨೮-೧೦-೨೦೨೪

ಪ್ರೀತಿಯ ಪಿಂಕಿಯ ಅಪ್ಪನವರಿಗೆ, ಗುರುದೇವಿಯ ನಮಸ್ಕಾರಗಳು.

ಹುಮನಾಬಾದಿನಲ್ಲಿ ಅತ್ತೆಯವರ ಕೆಮ್ಮು ಹೇಗಿದೆ? ನಿಮಗೆ ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೇ? ಪಿಂಕಿ ಚೆನ್ನಾಗಿದ್ದಾಳೆ, ಬರುವಾಗ ಅಜ್ಜಿಯನ್ನೂ ಕರೆದುಕೊಂಡು ಬರಬೇಕಂತೆ. ಫೋನಿನಲ್ಲಿ ಹೇಳಹೋದರೆ ನನಗೆ ಅಳು ಬರುತ್ತದೆ, ನಿಮ್ಮ ಪಕ್ಕದಲ್ಲಿರುವ ಅತ್ತೆಯವರು ಗಾಬರಿಯಾಗುತ್ತಾರೆ. ಅದಕ್ಕೇ ಊರಿಗೆ ಹೊರಟಿರುವ ಗೊಲ್ಲಾಳಪ್ಪ ಕಾಕಾನ ಕೈಯಲ್ಲಿ ಈ ಕಾಗದ.

ನೀವು ಊರಿಗೆ ಹೋದ ಮರುದಿನ ಶಾಲೆಯ ಬಿಸಿಯೂಟ ಉಂಡ ಮಕ್ಕಳು ವಾಂತಿ ಮಾಡಿಕೊಂಡದ್ದು ನಿಮಗೆ ಗೊತ್ತು. ಎಲ್ಲರೂ ಆಸ್ಪತ್ರೆಯಿಂದ ಮನೆಗೆ ಬಂದರು, ಸುವರ್ಣಾ ಒಬ್ಬಳನ್ನು ಬಿಟ್ಟು. ದಿನಾ ನನ್ನ ಹತ್ತಿರ ಎರಡನೇ ಸಲ ಸಾಂಬಾರು ಕೇಳುತ್ತಿದ್ದ ಹುಡುಗಿ ಅವಳು. ಅವತ್ತೇ ಅಧಿಕಾರಿಗಳು ಬಂದು ಅನ್ನ, ಸಾಂಬಾರು, ಎಣ್ಣೆ, ನೀರು, ಉಗ್ರಾಣದ ಅಕ್ಕಿ ಎಲ್ಲವನ್ನೂ ಪರೀಕ್ಷೆಗೆ ಒಯ್ದಿದ್ದರು. ಮೊನ್ನೆ ವರದಿ ಬಂತು. ಉಳಿದದ್ದೆಲ್ಲ ಶುದ್ಧ, ಅಕ್ಕಿಯಲ್ಲಿ ಮಾತ್ರ ಜಿರಳೆಗೆ ಹೊಡೆಯುವ ವಿಷವಿದೆಯಂತೆ. ನಾನು ತೊಳೆದು ತೊಳೆದು ಬೇಯಿಸಿದ ಅಕ್ಕಿ.

ನನ್ನ ಕೈಯ ಚಹಾ ಕುಡಿಯದೆ ಕೆಲಸ ಶುರುಮಾಡದ ನಮ್ಮ ಹೆಡ್ಮಿಸ್ಸು ವತ್ಸಲಾ ಮೇಡಂ ಅಧಿಕಾರಿಯ ಮುಂದೆ ಏನೆಂದರು ಗೊತ್ತೇ? ಉಗ್ರಾಣದ ಕೀಲಿ ವಾಚ್‌ಮನ್ ಹತ್ತಿರ ಇರುತ್ತದೆ, ಅವನ ಹೆಂಡತಿಯೇ ಅಡುಗೆಯವಳು, ನನಗೇನೂ ತಿಳಿಯದು ಎಂದುಬಿಟ್ಟರು. ದಸರಾ ರಜೆಯಲ್ಲಿ ಔಷಧ ಹೊಡೆಸಿ ಎಂದು ನಿಮಗೆ ಹೇಳಿದ್ದು ಅವರೇ, ಆ ಮಾತು ಬಾಯಿಗೇ ಬರಲಿಲ್ಲ. ನಾನು ಎಲ್ಲರೆದುರು ಹೇಳಿದೆ: "ಹೊಡಿಯೂ ಮುಂದ ನಮ್ಮನಿಯವರು ಚೀಲೆಲ್ಲಾ ಹೊರಗ ಹಾಕ್ಸ್ಯಾರ್ರಿ. ಅವರು ಅಂಥವರಲ್ಲ." ಪಿಂಕಿಯ ತಲೆಯ ಮೇಲೆ ಕೈಯಿಟ್ಟು ಆಣೆಯನ್ನೂ ಮಾಡಿದೆ. ಸುವರ್ಣಾಳ ತಾಯಿ ಅನ್ನಮ್ಮ, ಕೋಠಿ ಮಾರ್ಕೆಟ್ಟಿಗೆ ನನ್ನ ಜೊತೆಯಿಲ್ಲದೆ ಹೋಗದವಳು, ನನ್ನ ಮುಖ ನೋಡದೆ ಎದ್ದು ಹೋದಳು. ಅಡುಗೆಮನೆಗೆ ಬೀಗ ಬಿದ್ದಿದೆ. ನನ್ನ ಮಾತು ಯಾರೂ ನಂಬುತ್ತಿಲ್ಲ, ನೀವೇ ಬಂದು ಹೇಳಬೇಕು.

ಅತ್ತೆಯವರ ಪಾದಗಳಿಗೆ ನನ್ನ ಶರಣು ತಿಳಿಸಿ. ಬೇಗ ಬನ್ನಿ.

ನಿಮ್ಮ
ಗುರುದೇವಿ

ತಾ.ಕ.: ಕಾಕಾ ಬಾಗಿಲಲ್ಲಿ ನಿಂತಿದ್ದಾರೆ. ಔಷಧ ಹೊಡೆದ ತಾಯಪ್ಪ ಈಗಷ್ಟೇ ಬಂದು ಹೋದ. ತಲೆ ಎತ್ತದೆ ಹೇಳಿದ: "ಚೀಲ ಹೊರಗ ಹಾಕೂಣು ಅಂದ್ನಿ, ಅಕ್ಕಾ. ಯಾರು ಎತ್ತತಾರ, ಹಂಗ ಹೊಡಿ ಅಂದ ಅಣ್ಣ. ಚೀಲ ತೊಯ್ದಾವು ಅಂತ ತೋರಿಸಿದ್ರ, ಆಕಿಗೆ ಹೇಳಬ್ಯಾಡ ಅಂದ." ನಾಳೆ ಅವನನ್ನು ಕರೆದುಕೊಂಡು ಆ ಅಧಿಕಾರಿಯ ಹತ್ತಿರ ಹೋಗುತ್ತೇನೆ. ಅವನ ಮಾತನ್ನು ಸುಳ್ಳು ಅನ್ನೋಣವೆಂದರೆ ಒಂದು ನೆನಪಾಗುತ್ತಿದೆ. ರಜೆ ಮುಗಿದು ಶಾಲೆ ತೆರೆದ ದಿನ, ಇನ್ನು ಸ್ವಲ್ಪ ದಿನ ಪಿಂಕಿಗೆ ಶಾಲೆಯ ಊಟ ಬೇಡ, ಮನೆಯಿಂದಲೇ ಡಬ್ಬಿ ಕಟ್ಟು ಎಂದಿರಿ. ಅವಳ ಹೊಟ್ಟೆ ಸೂಕ್ಷ್ಮ ಎಂದಿರಿ. ನಾನು ಕಟ್ಟಿಕೊಟ್ಟೆ. ಆಮೇಲೆ ಹೋಗಿ ಉಳಿದವರ ಮಕ್ಕಳಿಗೆ ಅನ್ನ ಬೇಯಿಸಿದೆ.