ಕೋಡಿ ನೀರಿನ ಮೊದಲ ಬೊಗಸೆ ಇನ್ನು ನಿಮ್ಮದು

ಕೊಳಚೆ ನೀರು ಶುದ್ಧೀಕರಣದ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಮಾವನನ್ನು ಕೊಂದಿದ್ದೀರಿ. ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ. ನಿಮ್ಮ ಕಚೇರಿಯ ಭಾಷೆಯೆಂದು ತಮಿಳಿನಲ್ಲಿ ಕೊಟ್ಟ ಅರ್ಜಿಗಳಿಗೆ ನೀವು ಉತ್ತರಿಸಲಿಲ್ಲ. ಆದ್ದರಿಂದ ನನಗೆ ಚೆನ್ನಾಗಿ ಬೈಯಲು ಬರುವ ಭಾಷೆಯಲ್ಲಿ, ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ಗಡಿಯ ತಮಿಳು ಸೀಮೆಗೆ ಸೇರಿದ, ಬೇರಿಕೆ ಕಡೆಯ ನಮ್ಮ ಹೊನ್ನಗಾನಹಳ್ಳಿಯಲ್ಲಿ ಒಂದು ಪದ್ಧತಿಯಿದೆ. ಕೆರೆ ತುಂಬಿ ಕೋಡಿ ಹರಿದ ದಿನ ತಮಟೆ ಬಾರಿಸಿ, ಗಂಗಮ್ಮನಿಗೆ ಕುರಿಮರಿ ಕಡಿದು, ಹರಿಯುವ ನೀರಿನ ಮೊದಲ ಬೊಗಸೆಯನ್ನು ನಮ್ಮ ಮನೆಯ ಹಿರಿಯರು ಕುಡಿಯಬೇಕು. ಅವರು ಕುಡಿದ ಮೇಲೆಯೇ ಊರು ಆ ನೀರನ್ನು ಮುಟ್ಟುವುದು. ಕೆರೆಯ ಮೇಲ್ಭಾಗದಲ್ಲಿ ನಿಮ್ಮ ಶುದ್ಧೀಕರಣ ಘಟಕ ಉದ್ಘಾಟನೆಯಾದಾಗ ನೀವೇ ಮೈಕು ಹಿಡಿದು, "ಇಲ್ಲಿಂದ ಕೆರೆಗೆ ಬರುವುದು ಕೊಳಚೆಯಲ್ಲ, ತೀರ್ಥ" ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ನನ್ನ ಮಾವ ದೊಡ್ಡವೆಂಕಟಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಈ ಬೇಸಿಗೆಯಲ್ಲಿ ಒಂದು ಹನಿ ಮಳೆಯಿಲ್ಲದೆ ಕೆರೆ ಕೋಡಿ ಬಿತ್ತು. ನೀರು ಎಲ್ಲಿಂದ ಬಂತು ಎಂದು ಕೇಳಿದವಳು ನಾನೊಬ್ಬಳೇ.

"ಮೇಲ್ಗಡೆ ಎಲ್ಲೋ ಮಳೆ ಉಯ್ದೈತೆ ಕಣವ್ವ. ಗಂಗಮ್ಮ ಬಂದವ್ಳೆ, ಬ್ಯಾಡ ಅನ್ನಕಾಯ್ತದಾ?" ಎಂದರು ಮಾವ.

"ವಾಸ್ನೆ ಬತ್ತೈತೆ ಮಾವ."

"ಹೊಸ ನೀರು ಅಂದ್ರೆ ವಾಸ್ನೆ ಇದ್ದೇ ಇರ್ತೈತೆ. ಆ ಆಫೀಸರ್ರು ತೀರ್ಥ ಅಂತ ಹೇಳಿಲ್ವಾ?"

ಬೊಗಸೆ ತುಂಬ ಕುಡಿದರು. ಮರುದಿನ ವಾಂತಿ, ಭೇದಿ. ಹೊಸೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ, ವ್ಯಾನಿನಲ್ಲಿ, ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟರು.

ಮಣ್ಣು ಮಾಡಿ ಬಂದವರು ಮನೆಗೆ ಹೋಗಲಿಲ್ಲ. ಗುದ್ದಲಿ, ಹಾರೆ ಕೈಯಲ್ಲೇ ಇದ್ದವು. ನಿಮ್ಮ ಘಟಕದ ಗೇಟು ಮುರಿದರು. ಒಳಗೆ ಏನಿತ್ತು, ಹೇಳಲೇ? ತೊಟ್ಟಿಗಳು ಒಣಗಿ ಬಿದ್ದಿದ್ದವು. ಒಂದರಲ್ಲಿ ನಾಯಿ ಮರಿ ಹಾಕಿತ್ತು. ಮೋಟಾರುಗಳಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಕೂಡ ಬಿಚ್ಚಿರಲಿಲ್ಲ. ಬಡಾವಣೆಗಳ ಹೇಲೆಲ್ಲ ಒಂದು ದಪ್ಪ ಪೈಪಿನಲ್ಲಿ ಆ ತೊಟ್ಟಿಗಳ ಪಕ್ಕದಿಂದಲೇ ಹಾದು ನೇರವಾಗಿ ಕೆರೆಗೆ ಬೀಳುತ್ತಿತ್ತು.

ಸಿಟ್ಟು ತೀರಿಸಿಕೊಳ್ಳಲು ಅಲ್ಲಿ ನೀವಿರಲಿಲ್ಲ. ಇದ್ದವನು ಕಾವಲಿನ ಅಂಬರೀಶ್, ನಮ್ಮ ಪಕ್ಕದ ಬೀದಿಯ ಶ್ಯಾಮಲಮ್ಮನ ಮಗ. ನನ್ನ ಗಂಡ ಉಮಾಶಂಕರ್ ಗುದ್ದಲಿಯ ಕಾವಿನಿಂದ ಅವನ ಮೊಣಕಾಲಿಗೆ ಹೊಡೆದರು. ಮೂಳೆ ಮುರಿದ ಸದ್ದು ಗೇಟಿನ ಬಳಿಯಿದ್ದ ನನಗೂ ಕೇಳಿಸಿತು.

"ಕರೆಂಟೇ ಕೊಟ್ಟಿಲ್ಲ ಕಣಣ್ಣೋ! ಪೈಪ್ ತಿರುಗ್ಸಿ ಬಿಡು ಅಂದ್ರು, ಬಿಟ್ಟೆ! ಸಾಯಿಸ್ಬ್ಯಾಡ್ರೋ!" ಎಂದು ಅವನು ಕಿರುಚುತ್ತಿದ್ದ.

ಅಷ್ಟರಲ್ಲಿ ಪೊಲೀಸರು ಬಂದರು. ಲಾಠಿಗೆ ಗಂಡಸು, ಹೆಂಗಸು ಎಂಬ ಭೇದವಿರಲಿಲ್ಲ. ನನ್ನ ಎಡಗೈ ಇನ್ನೂ ಪಟ್ಟಿಯಲ್ಲಿದೆ. ಬಲಗೈ ಉಳಿದದ್ದರಿಂದ ನಿಮಗೆ ಈ ಪತ್ರ.

ಗಂಡ ಈಗ ಕೊಲೆಯತ್ನದ ಕೇಸಿನಲ್ಲಿ ಜೈಲಿನಲ್ಲಿದ್ದಾರೆ. ಅವರು ಮಾಡಿದ್ದು ತಪ್ಪೇ. ಅಂಬರೀಶ್ ಇನ್ನು ಕುಂಟಿಕೊಂಡೇ ಬದುಕಬೇಕು. ಆದರೆ ಕಾಲು ಮುರಿದವರಿಗೆ ಜೈಲಾದರೆ, ಕೊಂದೇ ಬಿಟ್ಟವರಿಗೆ ಏನು? ಬಡ್ತಿಯೇ? ಅವತ್ತು ಮುರಿಯಬೇಕಾಗಿದ್ದ ಮೊಣಕಾಲು ಯಾರದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಆ ಪೈಪನ್ನು ಮುಚ್ಚಿ. ಈ ವಾರವೇ ಮುಚ್ಚಿ. ಕೋಡಿ ಇನ್ನೂ ಹರಿಯುತ್ತಿದೆ. ಮಾವ ಹೋದ ಮೇಲೆ ಮೊದಲ ಬೊಗಸೆಯ ಹಕ್ಕು ಹಿರಿಮಗನದು. ಹಿರಿಮಗನನ್ನು ನೀವು ಒಳಗೆ ಹಾಕಿಸಿದ್ದೀರಿ. ಹಕ್ಕು ಖಾಲಿ ಬಿಡುವಂತಿಲ್ಲ. ಊರವರು ಸೇರಿ ಅದನ್ನು ನಿಮಗೆ ಕೊಟ್ಟಿದ್ದೇವೆ. ಪೈಪು ಮುಚ್ಚದಿದ್ದರೆ ಬರುವ ಮಂಗಳವಾರ ತಮಟೆ, ಕುರಿಮರಿ, ಕೋಡಿ ನೀರಿನ ಬಿಂದಿಗೆ ಸಮೇತ ನಿಮ್ಮ ಕಚೇರಿಗೇ ಬರುತ್ತೇವೆ. ನೀರು ಹೊರುವವರು ಯಾರು ಎಂದಾಗ ಎದ್ದು ನಿಂತವರು ಶ್ಯಾಮಲಮ್ಮ, ನನ್ನ ಗಂಡ ಕಾಲು ಮುರಿದ ಹುಡುಗನ ತಾಯಿ.

"ನನ್ ಮಗ ನಡೀದಿದ್ರೇನು, ನಾನ್ ನಡ್ಕಂಡ್ ಬತ್ತೀನಿ. ಬಿಂದ್ಗೆ ನಂಗ್ ಕೊಡ್ರವ್ವ" ಎಂದರು.

ನೀವು ಬಾಯಿ ತೆರೆಯದಿದ್ದರೆ ತೆರೆಸುವುದು ನಮಗೆ ಗೊತ್ತಿದೆ. ಗಂಗಮ್ಮನ ಮರಿಗೂ ಹಾಗೇ ಬಾಯಿ ತೆರೆಸಿ ಒಂದು ಗುಟುಕು ಕುಡಿಸುತ್ತೇವೆ, ಕಡಿಯುವ ಮುಂಚೆ.

ಇಂತಿ,
ನಿಮಗೆ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬಳು, ಸದ್ಯಕ್ಕೆ ಒಂಟಿ ಕೈಯ
ಚಂದ್ರಲೇಖಾ